ಸ್ಕ್ಯಾನರ್ ಗಾಜಿನ ಮೇಲೆ ಮೂರು ಗೆರೆ

ನನ್ನ ಜಾಗಕ್ಕೆ ಬಂದಿರುವ ಶ್ವೇತಾ ಎಂಬ ಹುಡುಗಿ ಹೋದ ತಿಂಗಳು ಫೋನ್ ಮಾಡಿ, "ಮೇಡಂ, ಸೇರಿ ಇಷ್ಟು ದಿನ ಆಯ್ತು, ನನ್ನ ಕೆಲಸ ಏನು ಅಂತಾನೇ ಸರಿಯಾಗಿ ಗೊತ್ತಾಗ್ತಿಲ್ಲ. ನೀವೇ ಒಂದು ಸಾರಿ ಬರ್ಕೊಡಿ" ಅಂದಳು. ನನಗೆ ನಗು ಬಂತು. ಆ ಕೆಲಸ ಏನೆಂದು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕೂತಾಗಲೂ ನನಗೆ ಪೂರ್ತಿ ಗೊತ್ತಿರಲಿಲ್ಲ. ನನ್ನನ್ನು ಆ ಕೋಣೆಗೆ ಹಾಕಿದ ಆದೇಶದಲ್ಲಿ ‘ಬೋಧಕ ಸಿಬ್ಬಂದಿಗೆ ಡಿಜಿಟಲ್ ಮಾಧ್ಯಮ ಹಾಗೂ ಚಿತ್ರ ಸ್ಕ್ಯಾನಿಂಗ್ ನೆರವು ನೀಡತಕ್ಕದ್ದು’ ಎಂದು ಗಂಭೀರವಾಗಿ ಬರೆದಿತ್ತು. ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಮಾತ್ರ "ಮೇಡಂ, ನಾನೇನೂ ಮಾಡೇ ಇಲ್ಲ, ಅದಾಗಿ ಅದೇ ಹಿಂಗಾಗ್ಬುಡ್ತು" ಎಂಬ ಮಾತಿನಿಂದ. ಹಾಗೆ ಹೇಳುವವರು ಏನೋ ಒಂದು ಮಾಡಿಯೇ ಬಂದಿರುತ್ತಾರೆ. ಶ್ವೇತಾ, ಇದು ನಿನಗೆ ಮೊದಲ ಪಾಠ. ಏನು ಮಾಡಿದಿರಿ ಅಂತ ಕೇಳಬೇಡ. ಕಾಫಿ ಕೊಟ್ಟು ಕೂರಿಸು, ತಾವಾಗಿಯೇ ಹೇಳುತ್ತಾರೆ.

ನಾನು ಉಡಿಗಾಲದವಳು. ಚಾಮರಾಜನಗರದ ಕಾಲೇಜಿನ ಮೂಲೆ ಕೋಣೆ ನನ್ನದು, ವಾರದಲ್ಲಿ ಎರಡು ದಿನ ಗುಂಡ್ಲುಪೇಟೆ ಕಾಲೇಜಿಗೆ ನಿಯೋಜನೆ. ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ನನ್ನದೊಂದು ನಿದ್ದೆ ಮುಗಿಯುತ್ತಿತ್ತು. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಕೇಬಲ್ಲು, ಪೆನ್‌ಡ್ರೈವು, ಗಾಜು ಒರೆಸುವ ಮೆತ್ತನೆಯ ಬಟ್ಟೆ. ನಾನು ಸೇರಿದ ಕಾಲದಲ್ಲಿ ಸ್ಟೆನ್ಸಿಲ್ ಕತ್ತರಿಸಿ, ಮಸಿ ಬಳಿದು ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದೆವು. ಮೊಣಕೈವರೆಗೆ ಮಸಿಯಾಗುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ಗೋಡೆಗೆ ಬೆಳಕು ಬಿಡುವ ಪ್ರೊಜೆಕ್ಟರ್ ಬಂತು, ಆಮೇಲೆ ಸ್ಕ್ಯಾನರ್, ಈಗ ಎಲ್ಲರ ಕೈಯಲ್ಲೂ ಫೋನು. ಯಂತ್ರಗಳು ಬದಲಾದವೇ ಹೊರತು ಮೇಷ್ಟ್ರುಗಳು ಬದಲಾಗಲಿಲ್ಲ. ಮೊದಲು ಮುಟ್ಟುವುದೇ ಇಲ್ಲ ಅನ್ನುತ್ತಾರೆ, ಆಮೇಲೆ ಮುಟ್ಟಿ ಕೆಡಿಸುತ್ತಾರೆ, ಕೊನೆಗೆ ಅದಿಲ್ಲದೆ ಪಾಠವೇ ಆಗುವುದಿಲ್ಲ ಅನ್ನುತ್ತಾರೆ.

ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯಿಂದಲೇ ಪಾಠ ರೆಕಾರ್ಡ್ ಮಾಡಿ ಕಳಿಸಬೇಕಾಗಿತ್ತು. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಅಡುಗೆಮನೆಯ ಪಕ್ಕ ಕೂತು ರೆಕಾರ್ಡ್ ಮಾಡುತ್ತಿದ್ದರು. ಹಣದುಬ್ಬರದ ಮಧ್ಯೆ ಕುಕ್ಕರ್ ಕೂಗುವುದು, "ಏನೂಂದ್ರೆ, ಒಲೆ ಆರಿಸಿ" ಎಂದು ಒಳಗಿನಿಂದ ಕರೆ ಬರುವುದು, ಇವರು ಪಾಠ ನಿಲ್ಲಿಸಿ ಎದ್ದುಹೋಗುವುದು, ಎಲ್ಲವೂ ಅದರಲ್ಲಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಸೀಟಿ ಹುಡುಕಿ ತೆಗೆದು, ಚೊಕ್ಕಟ ಮಾಡಿ ಕಳಿಸಿದೆ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದರೆ ಮಾರನೆಯ ದಿನವೇ ಫೋನು. "ಅಯ್ಯೋ, ಯಾಕ್ ಮೇಡಂ ತೆಗುದ್ರಿ? ಎರಡ್ನೇ ವಿಷಲ್ ಆದ್ಮೇಲೆ ಹೇಳಿರೋದು ಪರೀಕ್ಷೆಗೆ ಬತ್ತದೆ ಅಂತ ಹುಡುಗ್ರಿಗೆ ಹೇಳ್ಬುಟ್ಟಿದ್ದೆ!" ಮೈ ಉರಿಯಿತು. ಫೋನಿಟ್ಟ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸೀಟಿ ಸಮೇತ ಇದ್ದ ಮೂಲ ರೆಕಾರ್ಡಿಂಗ್ ನನ್ನ ಬಳಿ ಇತ್ತು, ಅದನ್ನೇ ಕಳಿಸಿಕೊಟ್ಟೆ.

ಮೂಲ ಇಟ್ಟುಕೊಳ್ಳುವುದು ನನ್ನ ಹಟ. ಯಾವ ಚಿತ್ರವಾಗಲಿ, ಧ್ವನಿಯಾಗಲಿ, ಬಂದದ್ದು ಬಂದ ಹಾಗೆ ಒಂದು ಕಡೆ ಇರಬೇಕು. ತಿದ್ದುವುದು, ಕತ್ತರಿಸುವುದು ಎಲ್ಲ ನಕಲಿನ ಮೇಲೆ. ಮೂಲದ ಮೇಲೇ ಸೇವ್ ಮಾಡುವವರನ್ನು ಕಂಡರೆ ನನಗೆ ಇವತ್ತಿಗೂ ಕೋಪ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ಮಾದಪ್ಪ ಮೇಷ್ಟ್ರ ವಿಷಯ ಹೇಳಬೇಕು.

ಮಾದಪ್ಪ ಮೇಷ್ಟ್ರು ಗುಂಡ್ಲುಪೇಟೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು. ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಎಕ್ಕದ ಹೂವು ಬರೆದರೆ ಹುಡುಗರು ಅಳಿಸಲು ಬಿಡುತ್ತಿರಲಿಲ್ಲ. ಪ್ರಾಯದಿಂದಲೂ ಬೇಲಿ ಸಾಲು, ಕೆರೆ ಏರಿ, ಪುಣಜನೂರಿನ ಕಡೆಯ ಹೊಲದಂಚು ಎಲ್ಲ ಅಲೆದು, ಗಿಡ ತಂದು, ಒಣಗಿಸಿ, ದಪ್ಪ ಹಾಳೆಗಳಿಗೆ ಅಂಟಿಸಿ ಬೀರುವಿನಲ್ಲಿ ಜೋಡಿಸಿದ್ದರು. ಆ ಬೀರು ತೆರೆದರೆ ಕರ್ಪೂರ, ಬೇವು, ಒಣಹುಲ್ಲು ಸೇರಿದ ವಾಸನೆ. ಮನುಷ್ಯ ಮೃದು. ಹೆಣ್ಣುಮಕ್ಕಳನ್ನೆಲ್ಲ "ಏನವ್ವ", "ಏನಮ್ಮಿ" ಎಂದೇ ಮಾತಾಡಿಸುವುದು. ನನಗಿಂತ ಅಷ್ಟೇನೂ ಹಿರಿಯರಲ್ಲ, ಆದರೂ ನನಗೂ "ಅವ್ವ".

ಅವರಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಚಿಕಿತ್ಸೆ ಆಯಿತು, ಪೂರ್ತಿ ಸರಿಹೋಗಲಿಲ್ಲ. ಒಂದು ದಿನ ಪ್ರಾಕ್ಟಿಕಲ್‌ನಲ್ಲಿ ಹುಡುಗನೊಬ್ಬ ಬೇಕೆಂದೇ ಹರಳೆಲೆ ತಂದು ಮುಂದಿಟ್ಟು "ಸಾರ್, ಇದು ಪರಂಗಿ ಅಲ್ವಾ?" ಅಂದಿದ್ದಾನೆ. ಇವರು ಒಂದು ಗಳಿಗೆ ನೋಡಿ "ಹೂಂ, ಪರಂಗಿ" ಅಂದುಬಿಟ್ಟರು. ಇಡೀ ಲ್ಯಾಬು ನಕ್ಕಿತು. ಹರಳು ಯಾವುದು, ಪರಂಗಿ ಯಾವುದು ಅಂತ ನಮ್ಮ ಕಡೆ ಕುರಿ ಕಾಯುವ ಮಗುವಿಗೂ ಗೊತ್ತು. ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿತ್ತು.

ಪ್ರಿನ್ಸಿಪಾಲ್ ಗುರುಮಲ್ಲಪ್ಪನವರು ಕೆಟ್ಟವರಲ್ಲ. ಹಣೆ ತುಂಬ ವಿಭೂತಿ, ಗಂಟೆ ಹೊಡೆದಂತೆ ಮಾತು. ಮೇಷ್ಟ್ರನ್ನು ಕರೆಸಿ, "ಮಾದಪ್ಪನವರೇ, ಲೈಬ್ರರಿ ನೋಡ್ಕೊಳಿ. ಪಾಠಕ್ಕೆ ಅತಿಥಿ ಉಪನ್ಯಾಸಕರನ್ನ ಹಾಕ್ಕೋತೀನಿ. ಮಕ್ಕಳ ಭವಿಷ್ಯದ ಪ್ರಶ್ನೆ" ಅಂದರು. ಅವತ್ತು ನಾನು ಗುಂಡ್ಲುಪೇಟೆಯಲ್ಲೇ ಇದ್ದೆ, ಮೇಷ್ಟ್ರು ನೇರ ನಾನಿದ್ದ ಕೋಣೆಗೆ ಬಂದು ಕೂತರು. ಕಾಫಿ ಮುಟ್ಟಲಿಲ್ಲ.

"ಪೂರ್ತಿ ಹೋಗಿಲ್ಲ ಕಣವ್ವ. ನಡೂಮಧ್ಯೆ ಮಸುಕು, ಅಂಚಲ್ಲಿ ಕಾಣ್ತದೆ. ದೊಡ್ಡದು ಮಾಡಿದ್ರೆ ಎಲೆ ನರನೂ ಕಾಣ್ತದೆ. ನಿನ್ ಮಿಷನ್ನಲ್ಲಿ ನನ್ ಗಿಡನೆಲ್ಲ ದೊಡ್ಡದು ಮಾಡಿ ಗ್ವಾಡೆಗೆ ಬುಡಕ್ಕೆ ಆಯ್ತದಾ?" ಎಂದು ಕೇಳಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಪಾಠ ಬುಟ್ಟು ನಾನೇನು ಮಾಡ್ಲವ್ವ" ಅಂದರು. ಆಯ್ತದೆ ಸರ್ ಅಂದೆ. ಆಗುತ್ತದೋ ಇಲ್ಲವೋ ನನಗೆ ಆಗ ಗೊತ್ತಿರಲಿಲ್ಲ.

ನಾವಿಬ್ಬರೂ ಹೋಗಿ ಕೇಳಿಕೊಂಡೆವು. ಗುರುಮಲ್ಲಪ್ಪನವರು ಯೋಚಿಸಿ, "ದಸರಾ ರಜೆ ಮುಗಿದ ಮೊದಲ ವಾರ ನಾನೇ ಕ್ಲಾಸಲ್ಲಿ ಬಂದು ಕೂರ್ತೀನಿ. ಸರಿ ಅನ್ನಿಸಿದ್ರೆ ನಿವೃತ್ತಿವರೆಗೂ ಪಾಠ ನಿಮ್ಮದೇ. ಇಲ್ಲಾಂದ್ರೆ ಲೈಬ್ರರಿ ಬೀಗದ ಕೈ ತಗೊಳಿ" ಅಂದರು.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಫೋನಿನಲ್ಲಿ ಫೋಟೊ ತೆಗೆದು ನೋಡಿದೆವು, ದೊಡ್ಡದು ಮಾಡಿದರೆ ಅಂಚೆಲ್ಲ ಮಂಜು. ದೊಡ್ಡ ಹಾಳೆ ಹಿಡಿಸುವ ಸ್ಕ್ಯಾನರ್ ಎರಡೂ ಕಾಲೇಜಿಗೆ ಸೇರಿ ಒಂದೇ ಇತ್ತು, ಚಾಮರಾಜನಗರದಲ್ಲಿ. ಒಣಗಿದ ಗಿಡಗಳನ್ನು ಬಸ್ಸಿನಲ್ಲಿ ತಂದರೆ ಪುಡಿಯಾಗುತ್ತವೆ ಎಂದು ಸ್ಕ್ಯಾನರನ್ನೇ ಗುಂಡ್ಲುಪೇಟೆಗೆ ಸಾಗಿಸಿದೆವು. ಅಲ್ಲಿ ಇನ್ನೊಂದು ತೊಡಕು. ಸ್ಕ್ಯಾನರಿನಲ್ಲಿ ಹಾಳೆಯನ್ನು ಮಕಾಡೆ ಮಲಗಿಸಬೇಕು. ಮಕಾಡೆ ಮಲಗಿಸಿದರೆ ಎಲೆ ಕಳಚಿ ಬೀಳುತ್ತದೆ. ಮೇಷ್ಟ್ರು ತಲೆ ಕೆರೆದುಕೊಂಡು, "ಗಿಡ ಯಾಕೆ ಮಲಗ್ಬೇಕು? ಮಿಷನ್ನೇ ಮಕಾಡೆ ಮಲಗ್ಲಿ" ಅಂದರು. ಬಡಗಿಗೆ ಹೇಳಿ ಒಂದು ಮರದ ಚೌಕಟ್ಟು ಮಾಡಿಸಿ, ಸ್ಕ್ಯಾನರಿನ ಮುಚ್ಚಳ ಬಿಚ್ಚಿ, ಅದನ್ನು ಬೋರಲು ಇಟ್ಟೆವು. ಕೆಳಗೆ ಹಾಳೆ, ಮೇಲಿಂದ ಗಾಜು. ಮೊದಲು ಮಾಡಿ ನೋಡಿದ ತುಂಬೆ ಗಿಡ ಗೋಡೆಯ ಮೇಲೆ ಆಳೆತ್ತರ ನಿಂತಾಗ ಮೇಷ್ಟ್ರು ಹತ್ತಿರ ಹೋಗಿ, ತಲೆ ಓರೆ ಮಾಡಿ, ಕಣ್ಣಂಚಿನಲ್ಲಿ ಒಂದೊಂದೇ ಎಲೆ ನೋಡಿದರು. "ರೋಮನೂ ಕಾಣ್ತದಲ್ಲವ್ವ!" ಎಂದು ಮಗುವಿನ ಹಾಗೆ ಕೂಗಿದರು. ಮಿಕ್ಕವನ್ನು ಮುಂದಿನ ವಾರದಿಂದ ಮಾಡುವುದು ಎಂದಾಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ರಜೆಗೆ ಮುಂಚೆಯೇ ಕಾಲೇಜಿನಲ್ಲಿ ಪೂಜೆ ಮುಗಿಸುವುದು ರೂಢಿ. ಅವತ್ತು ನಾನು ಚಾಮರಾಜನಗರದಲ್ಲಿದ್ದೆ. ಮಾರನೆಯ ವಾರ ಗುಂಡ್ಲುಪೇಟೆಗೆ ಹೋದರೆ ಅಟೆಂಡರ್ ಸಿದ್ದರಾಜು ಬಾಗಿಲಲ್ಲೇ ಹಲ್ಲು ಕಿರಿದು ನಿಂತಿದ್ದ.

"ಮೇಡಮ್ಮಾರೆ, ಪೂಜೆ ಬಾಳ ಚೆನ್ನಾಗಾಯ್ತು ಕಣಿ. ಪ್ರಿನ್ಸಿಪಾಲ್ರೇ ಕೈಯಾರ ಇಬೂತಿ ಇಟ್ರು. ಕಂಪ್ಯೂಟ್ರಿಗೆ ನೆತ್ತಿ ಮೇಲೆ ಇಟ್ರು, ಪ್ರೊಜೆಕ್ಟ್ರುಗೆ ಬೆನ್ ಮೇಲೆ ಇಟ್ರು. ನಿಮ್ ಮಿಷನ್ನ ಅಂಗಾತ ಮಲಗ್ಸಿದ್ದೆ. ಇದ್ಕೆಲ್ಲಿ ಇಡದು ಅಂತ ವಸಿ ಯೋಚ್ನೆ ಮಾಡುದ್ರು. ಇದ್ರ ಮಖ ಇದೇ ಅಲ್ವೇನ್ಲಾ ಅಂದ್ಬುಟ್ಟು ಗಾಜಿಗೇ ಎಳುದ್ರು. ಎಂಗ್ ಕಾಣ್ತಿತ್ತು ಅಂದ್ರೆ, ಸಾಕ್ಸಾತ್ ಸಿವನಂಗೆ!"

ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಒಳಗೆ ನುಗ್ಗಿದೆ. "ಎಲ್ಲೋ ಅದು?"

"ನೀವು ಬತ್ತೀರ ಅಂತ ನಾನೇ ಕ್ಲೀನ್ ಮಾಡ್ಬುಟ್ಟೆ. ನೀರಲ್ಲಿ ಕಲಸಿ ಇಟ್ಟಿದ್ರಲ್ಲ, ಒಣಗಿ ಕಚ್ಕಂಡಿತ್ತು. ಪಾತ್ರೆ ಉಜ್ಜೋ ನಾರು ತಂದು ಗೆರೆ ಮೇಲೆ ತಿಕ್ದೆ ನೋಡಿ, ಪಳಪಳ ಅಂತದೆ."

ಪಳಪಳ ಅನ್ನುತ್ತಿತ್ತು ನಿಜ. ಬೆಳಕಿಗೆ ಹಿಡಿದರೆ ಮೂರು ಬೆರಳಿನ ಗೆರೆ ಗೀಚಿಕೊಂಡು ಗಾಜಿನಲ್ಲೇ ಉಳಿದಿತ್ತು. ಸ್ಕ್ಯಾನ್ ಮಾಡಿದರೆ ಪ್ರತಿ ಚಿತ್ರದ ಮಧ್ಯಕ್ಕೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ. ಬೈಯಲು ಬಾಯಿ ತೆರೆದೆ. ಯಾರನ್ನು ಬೈಯುವುದು? ಇಟ್ಟವರು ಭಕ್ತಿಯಿಂದ ಇಟ್ಟರು, ತಿಕ್ಕಿದವನು ಪ್ರೀತಿಯಿಂದ ತಿಕ್ಕಿದ. ಸ್ಟೂಲಿನ ಮೇಲೆ ಕುಸಿದು ಕೂತು ಅಳುತ್ತಾ ನಕ್ಕೆ.

ಪೇಟೆಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಲಯಾಳಿ ಕಾಕಾ ಒಬ್ಬರಿದ್ದರು. ಗಡಿಯಾಚೆ ಬತ್ತೇರಿಯಿಂದ ಬೇರೆ ಗಾಜು ತರಿಸುತ್ತೇನೆ ಅಂದರು. ಕಾಡುಪ್ರಾಣಿಗಳಿಗಾಗಿ ರಾತ್ರಿ ಆ ಕಾಡಿನ ದಾರಿ ಬಂದ್, ಬೆಳಿಗ್ಗೆ ಗೇಟು ಬಿಟ್ಟ ಮೇಲೆ ಬರುತ್ತದೆ ಎಂದು ಕಾದೆವು. ಬಂದ ಗಾಜು ಅಳತೆಗೆ ಕೂರಲಿಲ್ಲ. ಪಾಠದ ದಿನ ಹತ್ತಿರ ಬಂದಿತ್ತು. ಗೆರೆ ಇರುವ ಗಾಜಿನಲ್ಲೇ ಎಲ್ಲ ಗಿಡಗಳನ್ನೂ ಸ್ಕ್ಯಾನ್ ಮಾಡಿದೆ. ಮೊದಲಿನ ತುಂಬೆಯ ಹಾಳೆಯನ್ನೂ ಅಳತೆ ಒಂದೇ ಇರಲಿ ಎಂದು ಮತ್ತೆ ಹಾಕಿದೆ. ಗೆರೆ ಅಳಿಸಲು ಸಾಫ್ಟ್‌ವೇರ್ ಇದೆಯಲ್ಲ ಎಂಬ ಧೈರ್ಯ. ಅಕ್ಕಪಕ್ಕದ ಬಣ್ಣ ತೆಗೆದು ಗೆರೆಯ ಮೇಲೆ ತುಂಬಿದರೆ ಮುಗಿಯಿತು.

ಒಂದು ತಂಗಡಿ ಗಿಡವನ್ನು ಹಾಗೆ ತಿದ್ದಿ ಗೋಡೆಗೆ ಬಿಟ್ಟೆ. ಗೆರೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಓರೆ ನೋಟದಲ್ಲಿ ಬಹಳ ಹೊತ್ತು ನೋಡಿದರು. "ಇಲ್ಲಿ ಈ ನರ ಹಿಂಗೆ ಸೇರಕ್ಕಿಲ್ವಲ್ಲ" ಅಂದರು. ಮೂಲದ ಹಾಳೆ ತಂದು ನೋಡಿದರೆ ನಿಜ, ಆ ನರ ಸಾಫ್ಟ್‌ವೇರ್ ತಾನೇ ಹೊಲಿದದ್ದು. ಗಿಡದಲ್ಲಿ ಇರಲಿಲ್ಲ.

"ಅಷ್ಟು ಸಣ್ಣದು ಯಾರಿಗೆ ಕಾಣುತ್ತೆ ಸರ್?" ಅಂದೆ, ಸ್ವಲ್ಪ ಸಿಟ್ಟಿನಲ್ಲೇ. ಕಷ್ಟಪಟ್ಟು ಮಾಡಿದ್ದೆನಲ್ಲ.

"ಇಲ್ಲದ್ದ ಇದೆ ಅಂತ ತೋರಿಸ್ಬಾರ್ದು ಕಣವ್ವ. ಗೆರೆ ಇದ್ರೆ ಇರ್ಲಿ ಬುಡು. ಕಾಣದೇ ಇರೋ ಕಡೆ ಕಾಣ್ತಾ ಇಲ್ಲ ಅನ್ನನ."

"ಪ್ರಿನ್ಸಿಪಾಲ್ರು ಕೂತಿರ್ತಾರೆ ಸರ್. ಚಿತ್ರನೇ ಸರಿಯಿಲ್ಲ ಅಂದುಬಿಟ್ರೆ ನಿಮ್ಮ ಪಾಠ ಹೋಗುತ್ತೆ."

"ಹೋದ್ರೆ ಹೋಯ್ತದೆ" ಅಂದರು. ಅನ್ನುವಾಗ ಅವರ ಕೈ ಬೀರುವಿನ ಬಾಗಿಲನ್ನು ಸವರುತ್ತಿತ್ತು. ನಾನು ತಿದ್ದಿದ್ದನ್ನೆಲ್ಲ ಅಳಿಸಿ, ಮೂಲವನ್ನೇ ಜೋಡಿಸಿದೆ.

ಪಾಠದ ದಿನ ಗುರುಮಲ್ಲಪ್ಪನವರು ಹಿಂದಿನ ಬೆಂಚಿನಲ್ಲಿ ಹುಡುಗರ ಮಧ್ಯೆ ಕೂತರು. ನಾನು ಕಂಪ್ಯೂಟರಿನ ಮುಂದೆ. ತುಂಬೆ ಗಿಡ ಗೋಡೆಯ ಮೇಲೆ ಬಂತು, ಅದರ ಮೈಮೇಲೆ ಮೂರು ಬಿಳಿ ಪಟ್ಟೆಯೂ ಬಂತು. ಮೇಷ್ಟ್ರು ಗೋಡೆಯ ಪಕ್ಕ ನಿಂತು ಎಲೆ, ಕಾಂಡ, ಹೂವು ವಿವರಿಸುತ್ತಾ ಹೋದರು. ಪುಣಜನೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಪವಿತ್ರ ಎಂಬ ಹುಡುಗಿ ಎದ್ದು ನಿಂತಳು.

"ಸಾರ್, ಆ ಮೂರು ಗೆರೆ ಏನು ಸಾರ್? ರೆಕಾರ್ಡ್ ಬುಕ್ಕಲ್ಲಿ ಅದನ್ನೂ ಬರೀಬೇಕಾ?"

ನಾನು ಹಿಂದಿನ ಬೆಂಚಿನ ಕಡೆ ನೋಡಿದೆ. ಮೇಷ್ಟ್ರು ಮಾತ್ರ, "ಒಳ್ಳೆ ಪ್ರಶ್ನೆ ಕೇಳ್ದೆ ಕಣಮ್ಮಿ. ಉತ್ತರಾನೂ ನೀನೇ ಹೇಳೀಯೆ. ಮೇಡಂ, ಮುಂದಿನ ಗಿಡ ಹಾಕಿ" ಅಂದರು. ತಂಗಡಿ ಹಾಕಿದೆ. ಇನ್ನೊಂದು ಅಂದರು. ಲಂಟಾನ ಹಾಕಿದೆ. ಮತ್ತೊಂದು. ಉತ್ತರಾಣಿ.

"ಈಗ ಹೇಳು. ಏನ್ ಬದ್ಲಾಯ್ತು?"

"ಗಿಡ ಬದ್ಲಾಯ್ತು ಸಾರ್. ಗೆರೆ ಬದ್ಲಾಗ್ನಿಲ್ಲ. ಅಲ್ಲೇ ಅವೆ."

"ಅಂದ್ರೆ?"

ಹುಡುಗಿ ಗೋಡೆಯತ್ತ ಬೆರಳು ತೋರಿಸಿ, "ಅವು ಗಿಡದ್ದಲ್ಲ ಸಾರ್. ನೋಡೋ ಗಾಜಿಂದು" ಅಂದಳು.

"ಅಷ್ಟೇ ಕಣಮ್ಮಿ! ನೋಡೋ ವಸ್ತುದು ಯಾವ್ದು, ನೋಡೋ ಗಾಜಿಂದು ಯಾವ್ದು ಅಂತ ಬಿಡಿಸ್ಕೊಳಕ್ಕೆ ಬಂದ್ರೆ ಅರ್ಧ ವಿಜ್ಞಾನ ಬಂದಂಗೆ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ ಕಣ್ಣಲ್ಲೂ ಈಗ ಇಂಥದೇ ಒಂದು ಮಸುಕು ಅದೆ. ಎಲ್ಲಿ ನೋಡುದ್ರೂ ಅಲ್ಲೇ ನಿಂತಿರ್ತದೆ. ಅವತ್ತು ಹರಳೆಲೆನ ಪರಂಗಿ ಅಂದ್ನಲ್ಲ, ಅದು ಹರಳಿನ ತಪ್ಪಲ್ಲ ಕಣ್ರಪ್ಪ, ಈ ಗಾಜಿಂದು. ಇನ್ಮೇಲೆ ನನಗೆ ಕಾಣದೇ ಇದ್ದಾಗ ಕಾಣ್ತಾ ಇಲ್ಲ ಅಂತೀನಿ. ನೀವು ನೋಡಿ ಹೇಳಿ."

ಹರಳೆಲೆ ತಂದಿದ್ದವನು ತಲೆ ತಗ್ಗಿಸಿದ್ದ. ಆಗ ಹಿಂದಿನ ಬೆಂಚು ಕಿರ್ ಎಂದಿತು. ಗುರುಮಲ್ಲಪ್ಪನವರು ಎದ್ದು ನಿಂತು, ಗೋಡೆಯನ್ನೊಮ್ಮೆ, ತಮ್ಮ ಮೂರು ಬೆರಳನ್ನೊಮ್ಮೆ ನೋಡಿಕೊಂಡು, "ಅದು ನಂದು ಕಣ್ರಪ್ಪ. ಪೂಜೆ ದಿನ ನಾನೇ ಎಳೆದಿದ್ದು" ಅಂದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ಅವರ ನಗು ನಾನು ಕಂಡದ್ದು ಅದೇ ಮೊದಲು.

ಹೊರಗೆ ಬಂದವರು ಮೇಷ್ಟ್ರ ಭುಜ ಹಿಡಿದು, "ಪಾಠ ನಿಮ್ಮದೇ ಕಣ್ರೀ" ಅಂದರು, ಅಷ್ಟೇ. ನನ್ನ ಕಡೆ ತಿರುಗಿ, "ಮುಂದಿನ ವರ್ಷ ವಿಭೂತಿ ಎಲ್ಲಿಗೆ ಇಡ್ಲಿ ಮೇಡಂ?" ಎಂದು ಕೇಳಿದರು. "ಮರದ ಚೌಕಟ್ಟಿಗೆ ಇಡಿ ಸರ್" ಅಂದೆ. ಆಮೇಲೆ ಹಾಗೇ ಇಟ್ಟರು.

ಮಾದಪ್ಪ ಮೇಷ್ಟ್ರು ನಿವೃತ್ತಿವರೆಗೂ ಪಾಠ ಮಾಡಿದರು. ಪ್ರತಿ ವರ್ಷದ ಮೊದಲ ಕ್ಲಾಸು ಆ ಮೂರು ಗೆರೆಯದೇ. ನಿವೃತ್ತಿಯಾದ ಮೇಲೆ ಅವರ ಉಳಿದ ದೃಷ್ಟಿಯೂ ಹೋಯಿತು. ಬೀರುವಿನ ಹಾಳೆಗಳಿಗೂ ಹುಳ ಬಿದ್ದು ಅರ್ಧಕ್ಕರ್ಧ ಪುಡಿಯಾದವು. ಪೂರ್ತಿ ಉಳಿದದ್ದು ನಾವು ಮಾಡಿದ ಸ್ಕ್ಯಾನ್ ಮಾತ್ರ.

ಈಗ ಶ್ವೇತಾಳ ಫೋನಿಗೆ ವಾಪಸು ಬರುತ್ತೇನೆ. ಅದೇ ಫೋನಿನಲ್ಲಿ ಅವಳು ಉತ್ಸಾಹದಿಂದ, "ಮೇಡಂ, ಗುಂಡ್ಲುಪೇಟೆ ಬಾಟನಿ ಚಿತ್ರಗಳಲ್ಲೆಲ್ಲ ಏನೋ ಗೆರೆ ಇತ್ತು. ಹೊಸ ಎಐ ಸಾಫ್ಟ್‌ವೇರಲ್ಲಿ ಒಂದೇ ಸಲಕ್ಕೆ ಎಲ್ಲಾ ತೆಗೆದುಬಿಟ್ಟೆ. ಎಷ್ಟು ನೀಟಾಗಿದೆ ಗೊತ್ತಾ?" ಅಂದಳು.

"ಮೂಲದ ಮೇಲೇ ಸೇವ್ ಮಾಡಿದೆಯೇನೇ?" ಎಂದು ಕಿರುಚಿದೆ.

ಸಣ್ಣ ದನಿಯಲ್ಲಿ, "ಹೂಂ ಮೇಡಂ" ಅಂದಳು. ಬಾಯಿಗೆ ಬಂದದ್ದು ಬೈದೆ. ಪಾಪ, ಅತ್ತೇಬಿಟ್ಟಳು. ನನಗೂ ಅಯ್ಯೋ ಅನ್ನಿಸಿತು. ಅವಳೂ ಪ್ರೀತಿಯಿಂದಲೇ ತಿಕ್ಕಿದವಳು. ಅಳಬೇಡ ಮಗಳೇ ಎಂದು ಸಮಾಧಾನ ಮಾಡಿ, ನಮ್ಮ ಮನೆಯ ಬೀರುವಿನಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಾರ್ಡ್‌ಡಿಸ್ಕ್ ತೆಗೆದೆ. ಎರಡೂ ಕಾಲೇಜಿನ ಮೂಲವೆಲ್ಲ ಅದರಲ್ಲಿತ್ತು. ಮೊನ್ನೆ ಬಸ್ಸು ಹತ್ತಿ ನಾನೇ ಗುಂಡ್ಲುಪೇಟೆಗೆ ಒಯ್ದುಕೊಟ್ಟೆ. ತೆರಕಣಾಂಬಿ ಬಂದರೂ ಈ ಸಲ ನಿದ್ದೆ ಬರಲಿಲ್ಲ.

ಅವತ್ತು ಸಸ್ಯಶಾಸ್ತ್ರದ ಮೊದಲ ಕ್ಲಾಸು. ಪಾಠ ಮಾಡುವವಳು ಅದೇ ಪುಣಜನೂರಿನ ಪವಿತ್ರ, ಈಗ ಅಲ್ಲಿಯೇ ಅತಿಥಿ ಉಪನ್ಯಾಸಕಿ. ಅವಳೇ ಹೋಗಿ ಮಾದಪ್ಪ ಮೇಷ್ಟ್ರನ್ನು ಆಟೋದಲ್ಲಿ ಕರೆತಂದು ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದಳು. ಕಪ್ಪು ಕನ್ನಡಕ, ಕೈಯಲ್ಲಿ ಕೋಲು, ಇಸ್ತ್ರಿ ಮಾಡಿದ ಅಂಗಿ. ನಾನು ಪಕ್ಕದಲ್ಲಿ ಕೂತು ಮಾತಾಡಿಸಿದ್ದೇ ತಡ, ದನಿಯಲ್ಲೇ ಗುರುತು ಹಿಡಿದು ಕೈ ಹಿಡಿದುಕೊಂಡರು. ಶ್ವೇತಾ ಕಂಪ್ಯೂಟರಿನ ಮುಂದೆ ಕೂತು ಮೊದಲ ಚಿತ್ರ ಗೋಡೆಗೆ ಬಿಟ್ಟಳು. ಹಿಂದಿನ ಬೆಂಚಿನಿಂದ ಯಾವನೋ ಹುಡುಗ, "ಮೇಡಂ, ಅದೇನ್ ಮೇಡಂ ಮೂರು ಪಟ್ಟೆ?" ಅಂದ.

ಮೇಷ್ಟ್ರು ನನ್ನ ಕಡೆ ಬಾಗಿದರು.

"ಯಾವ ಗಿಡ ಅದೆಯವ್ವ?"

"ತುಂಬೆ ಸರ್."

"ಗೆರೆ ಅವೆಯಾ?"

"ಅವೆ ಸರ್. ಮೂರೂ ಅವೆ."

"ಹಂಗಾರೆ ನನ್ಗೂ ಕಾಣ್ತದೆ ಬುಡು" ಅಂದರು.

ಪವಿತ್ರ ಮುಂದಿನ ಗಿಡ ಹಾಕಲು ಹೇಳಿದಳು. ಶ್ವೇತಾ ಹಾಕಿದಳು.